ಆಮೇಲೆ ಎಲ್ಲಿಂದ ಹೋಗತ್ತೆ ಸ್ವಾಮಿ?

ತಾತನಿಗೆ ಆಗ 78. ಮೂತ್ರದಲ್ಲಿ ರಕ್ತ ಕಾಣಿಸಿಕೊಂಡು ಮೂರು ತಿಂಗಳಾದರೂ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನೋವಿಲ್ಲವಲ್ಲ, ಉಷ್ಣ ಇರಬೇಕು ಅಂತ ಎಳನೀರು ಕುಡಿದುಕೊಂಡು ಸುಮ್ಮನಿದ್ದರು. ಕೊನೆಗೆ ಗೊತ್ತಾಗಿದ್ದು ಬ್ಲಾಡರ್ ಕ್ಯಾನ್ಸರ್. ಸ್ನಾಯುವಿನ ತನಕ ಇಳಿದಿದೆ, ಇಡೀ ಮೂತ್ರಕೋಶವನ್ನೇ ತೆಗೀಬೇಕು ಅಂದರು ಡಾಕ್ಟರು. ತಾತ ಕೇಳಿದ್ದು ಒಂದೇ ಪ್ರಶ್ನೆ: "ತೆಗೀರಿ, ಸರಿ. ಆಮೇಲೆ ಉಚ್ಚೆ ಎಲ್ಲಿಂದ ಹೋಗತ್ತೆ ಸ್ವಾಮಿ?"

ನಾವೆಲ್ಲ ಮುಜುಗರದಿಂದ ನಕ್ಕೆವು. ಆಮೇಲೆ ಓದುತ್ತಾ ಹೋದಾಗ ಗೊತ್ತಾಯ್ತು, ಈ ಆಪರೇಷನ್ನಿನ ಇತಿಹಾಸ ಪೂರ್ತಿ ತಾತನ ಪ್ರಶ್ನೆಯ ಸುತ್ತಲೇ ಇದೆ.

1887ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಬಾರ್ಡೆನ್‌ಹಾಯರ್ ಎಂಬ ಸರ್ಜನ್ ಮೊದಲ ಬಾರಿಗೆ ಕ್ಯಾನ್ಸರ್ ರೋಗಿಯೊಬ್ಬರ ಇಡೀ ಮೂತ್ರಕೋಶ ತೆಗೆದರು. ತೆಗೆಯೋದೇನೋ ಆಯ್ತು, ಆದರೆ ಮೂತ್ರನಾಳಗಳಿಗೆ ಸರಿಯಾದ ದಾರಿ ಮಾಡಿಕೊಡಲು ಆಗಲಿಲ್ಲ. ಎರಡು ವಾರದಲ್ಲಿ ರೋಗಿ ತೀರಿಕೊಂಡರು. ಮುಂದಿನ ದಶಕಗಳಲ್ಲಿ ಮೂತ್ರನಾಳಗಳನ್ನು ದೊಡ್ಡಕರುಳಿಗೆ ಹೊಲಿಯುತ್ತಿದ್ದರು. ಮಲಕ್ಕೂ ಮೂತ್ರಕ್ಕೂ ಒಂದೇ ದಾರಿ! ಅಲ್ಲಿಂದ ಸೋಂಕು ಕಿಡ್ನಿಗೆ ಹತ್ತುತ್ತಿತ್ತು.

1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಯೂಜೀನ್ ಬ್ರಿಕರ್ ಸರಳವಾದ ಉಪಾಯವೊಂದನ್ನು ಪ್ರಕಟಿಸಿದರು. ಸಣ್ಣಕರುಳಿನ ಗೇಣುದ್ದದ ತುಂಡನ್ನು ಬೇರ್ಪಡಿಸಿ, ಮೂತ್ರನಾಳಗಳನ್ನು ಅದಕ್ಕೆ ಜೋಡಿಸಿ, ಇನ್ನೊಂದು ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತೆರೆಯೋದು. ಅಲ್ಲಿಗೊಂದು ಚೀಲ. ಇದು ಪೈಪು, ಟ್ಯಾಂಕ್ ಅಲ್ಲ. ಮೂತ್ರ ಒಳಗೆ ನಿಲ್ಲೋದಿಲ್ಲ. ಮುಂದೆ ಕರುಳಿನಿಂದಲೇ ಹೊಸ ಮೂತ್ರಕೋಶ ಕಟ್ಟೋದೂ ಬಂತು. ಆದರೆ ಅದು ಇನ್ನೂ ದೀರ್ಘವಾದ ಆಪರೇಷನ್, ಮೂತ್ರ ಮಾಡೋದನ್ನು ಹೊಸದಾಗಿ ಕಲಿಯಬೇಕು. ಹಾಗಾಗಿ ವಯಸ್ಸಾದವರಿಗೆ ಇವತ್ತಿಗೂ ಹೆಚ್ಚಾಗಿ ಬ್ರಿಕರ್ ದಾರಿಯೇ.

ದಾರಿ ಸಿಕ್ಕಿತು, ಆದರೆ ಹೊತ್ತು? ಹ್ಯೂಬರ್ಟ್ ಹಂಫ್ರಿ ಕಥೆ ಕೇಳಿ. 1967ರಲ್ಲಿ ಅವರು ಅಮೆರಿಕದ ಉಪಾಧ್ಯಕ್ಷರಾಗಿದ್ದಾಗಲೇ ಮೂತ್ರದಲ್ಲಿ ರಕ್ತ ಬಂದಿತ್ತು. ಪರೀಕ್ಷೆಗಳಾದವು, ಖಚಿತವಾಗಿ ಏನೂ ಹೇಳಲಾಗಲಿಲ್ಲ. ಮೂತ್ರಕೋಶ ತೆಗೆದದ್ದು 1976ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ, ಅವರಿಗೆ 65 ಆದಾಗ. ಮರುತಿಂಗಳೇ ಸೆನೆಟ್ ಚುನಾವಣೆ ಗೆದ್ದರು. 1978ರ ಜನವರಿಯಲ್ಲಿ ಹೋಗಿಬಿಟ್ಟರು. 1994ರಲ್ಲಿ ಸಂಶೋಧಕರು ತೆಗೆದಿಟ್ಟಿದ್ದ 1967ರ ಮೂತ್ರದ ಮಾದರಿಯನ್ನು ಮತ್ತೆ ಪರೀಕ್ಷಿಸಿದರು. 1976ರ ಗಡ್ಡೆಯಲ್ಲಿದ್ದ ಪಿ53 ಜೀನಿನ ಅದೇ ದೋಷ ಅದರಲ್ಲೂ ಇತ್ತು.

ಹಂಫ್ರಿಯವರ ಕಾಲಕ್ಕೆ ಆ ಪರೀಕ್ಷೆ ಇರಲಿಲ್ಲ. ನಮ್ಮ ತಾತನ ಮೂರು ತಿಂಗಳಿಗೆ ಅಂಥ ನೆಪ ಇಲ್ಲ.

ವಯಸ್ಸು ನೋಡಿ ನಾವು ಹಿಂಜರಿದಾಗ ಸರ್ಜನ್ ಕೇಳಿದ್ದೇ ಬೇರೆ: ಹೃದಯ ಹೇಗಿದೆ, ಕಿಡ್ನಿ ಹೇಗಿದೆ, ಮೆಟ್ಟಿಲು ಹತ್ತುತ್ತಾರಾ, ಮನೆಯಲ್ಲಿ ಚೀಲ ಬದಲಾಯಿಸೋಕೆ ಯಾರಿದ್ದಾರೆ? ಕೊನೆಯ ಪ್ರಶ್ನೆಗೆ ಅಜ್ಜಿ ಕೈ ಎತ್ತಿದರು. ಪಂಚೆಯೊಳಗೆ ಚೀಲ ಸಿಕ್ಕಿಸಿಕೊಂಡೇ ತಾತ ನಾಲ್ಕು ವರ್ಷ ಪೇಟೆ ಸುತ್ತಿದರು, ನನ್ನ ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕೂತರು.

ಊರಿಗೆ ಫೋನ್ ಮಾಡಿದಾಗ ಬಿಪಿ, ಶುಗರ್ ಕೇಳ್ತೀರಲ್ಲ, ಇದನ್ನೂ ಒಮ್ಮೆ ಕೇಳಿ. ಅವರಾಗಿ ಹೇಳೋದಿಲ್ಲ.