ಹೆರಾತ್ ಮತ್ತು ವಿಜಯನಗರ: ಹದಿನೈದನೆಯ ಶತಮಾನದ ಒಂದು ರಾಯಭಾರ ಸಂಬಂಧ

ವಿಜಯನಗರಕ್ಕೆ ಬಂದ ವಿದೇಶೀಯರಲ್ಲಿ ಅಬ್ದುಲ್ ರಜಾಕನ ಹೆಸರು ಸುಪರಿಚಿತವಾದುದು. ನಗರದ ಸುತ್ತುಕೋಟೆಗಳು, ಬಜಾರುಗಳು ಹಾಗೂ ಮಹಾನವಮಿ ಉತ್ಸವವನ್ನು ಕುರಿತ ಅವನ ವರ್ಣನೆಗಳನ್ನು ಇತಿಹಾಸಕಾರರು ಬಹುಕಾಲದಿಂದ ಬಳಸಿಕೊಂಡು ಬಂದಿದ್ದಾರೆ. ಆದರೆ ಅವನು ಕೇವಲ ಪ್ರವಾಸಿಯಲ್ಲ. ತೈಮೂರನ ಮಗನೂ ಹೆರಾತಿನ ಅರಸನೂ ಆದ ಷಾ ರುಖ್‌ನ ರಾಯಭಾರಿ. ಪರಸ್ಪರ ಗಡಿಯಿಲ್ಲದ, ನಡುವೆ ಮರುಭೂಮಿಯನ್ನೂ ಸಮುದ್ರವನ್ನೂ ಹೊಂದಿದ್ದ ಎರಡು ರಾಜ್ಯಗಳ ಸಂಬಂಧ ಯಾವ ಆಧಾರದ ಮೇಲೆ ನಿಂತಿತ್ತು ಎಂಬ ಪ್ರಶ್ನೆಗೆ ಅವನ ಬರವಣಿಗೆಯಲ್ಲಿ ಮಹತ್ವದ ಸೂಚನೆಗಳು ದೊರೆಯುತ್ತವೆ.

ಈ ರಾಯಭಾರದ ಮೂಲ ಗುರಿ ವಿಜಯನಗರವಾಗಿರಲಿಲ್ಲ ಎಂಬುದು ಮೊದಲು ಗಮನಿಸಬೇಕಾದ ಸಂಗತಿ. ಬಂಗಾಳದಿಂದ ಹಿಂದಿರುಗುತ್ತಿದ್ದ ಷಾ ರುಖ್‌ನ ದೂತರು ಕಲ್ಲಿಕೋಟೆಯಲ್ಲಿ ತಂಗಿದಾಗ ಅಲ್ಲಿನ ಸಾಮೂದಿರಿಗೆ ಹೆರಾತಿನ ಅರಸನ ಪ್ರತಾಪದ ವಿಷಯ ತಿಳಿಯಿತು. ಅವನು ಹೆರಾತಿಗೆ ತನ್ನ ದೂತರನ್ನು ಕಳುಹಿಸಿದನು. ಅದಕ್ಕೆ ಪ್ರತಿಯಾಗಿ ಅಬ್ದುಲ್ ರಜಾಕನು 1442ರ ಜನವರಿಯಲ್ಲಿ ಹೆರಾತಿನಿಂದ ಹೊರಟನು. ಕಿರ್ಮಾನ್ ಮಾರ್ಗವಾಗಿ ಹೊರ್ಮುಜ್ ತಲುಪಿದರೂ ಅಲ್ಲಿ ವಿಳಂಬವಾಗಿ, ಸಮುದ್ರಯಾನಕ್ಕೆ ಅನುಕೂಲವಾದ ಕಾಲ ಮೀರಿಹೋಯಿತು. ಆದಕಾರಣ ಮಸ್ಕತ್ ಮತ್ತು ಕಲ್ಹಾತ್‌ಗಳಲ್ಲಿ ಕಾಯಬೇಕಾಯಿತು. ಕಲ್ಲಿಕೋಟೆಯನ್ನು ಮುಟ್ಟಿದಾಗ ವರ್ಷದ ಕೊನೆ ಸಮೀಪಿಸಿತ್ತು. ಅಲ್ಲಿನ ಆಸ್ಥಾನದಲ್ಲಿ ಅವನಿಗೆ ನಿರೀಕ್ಷಿಸಿದ ಆದರ ದೊರೆಯಲಿಲ್ಲ. ಇಂಥ ಸಂದರ್ಭದಲ್ಲಿ, ರಾಯಭಾರಿಯನ್ನು ತನ್ನಲ್ಲಿಗೆ ಕಳುಹಿಸಿಕೊಡುವಂತೆ ವಿಜಯನಗರದ ಇಮ್ಮಡಿ ದೇವರಾಯನಿಂದ ಸಂದೇಶ ಬಂದಿತು. ಸಾಮೂದಿರಿಯು ವಿಜಯನಗರದ ಅಧೀನನಲ್ಲದಿದ್ದರೂ ಈ ಮಾತನ್ನು ಮೀರುವ ಸ್ಥಿತಿಯಲ್ಲಿರಲಿಲ್ಲ.

ಮಂಗಳೂರಿನವರೆಗೆ ಹಡಗಿನಲ್ಲಿ ಬಂದು, ಅಲ್ಲಿಂದ ಭೂಮಾರ್ಗವಾಗಿ ಸಾಗಿದ ರಜಾಕನು 1443ರ ಏಪ್ರಿಲ್ ಕೊನೆಯಲ್ಲಿ ವಿಜಯನಗರವನ್ನು ಸೇರಿದನು. ಐದು ಕುದುರೆಗಳನ್ನೂ, ಎರಡು ಹರಿವಾಣಗಳಲ್ಲಿ ತಲಾ ಒಂಬತ್ತು ರೇಷ್ಮೆವಸ್ತ್ರಗಳನ್ನೂ ಕಾಣಿಕೆಯಾಗಿ ಒಪ್ಪಿಸಿದನು. ಅವನಿಗೆ ನಿಗದಿಯಾದ ದಿನವಹಿ ಪಡಿ ಹೀಗಿತ್ತು: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ ಮತ್ತು ಎರಡು ವರಹ. ವಾರಕ್ಕೆರಡು ಬಾರಿ ರಾಜದರ್ಶನವಾಗುತ್ತಿತ್ತು. ಪ್ರತಿ ಭೇಟಿಯಲ್ಲಿ ವೀಳ್ಯ, ಕರ್ಪೂರ ಹಾಗೂ 500 ಹಣಗಳ ಚೀಲ ಸಲ್ಲುತ್ತಿದ್ದವು.

ಈ ಸ್ಥಿತಿ ಹೆಚ್ಚು ಕಾಲ ಉಳಿಯಲಿಲ್ಲ. ದೇವರಾಯನು ಹೆರಾತಿಗೆ ಮರುರಾಯಭಾರ ಕಳುಹಿಸಲಿದ್ದಾನೆಂಬ ಸುದ್ದಿ ತಿಳಿದೊಡನೆ, ನಗರದಲ್ಲಿದ್ದ ಹೊರ್ಮುಜಿನ ಕೆಲವರು ರಜಾಕನು ಷಾ ರುಖ್ ಕಳುಹಿಸಿದ ನಿಜವಾದ ದೂತನಲ್ಲವೆಂದು ಹಬ್ಬಿಸಿದರು. ಆ ಮಾತು ಅಧಿಕಾರಿಗಳನ್ನೂ ಅರಸನನ್ನೂ ತಲುಪಿತು. ರಜಾಕನಿಗೆ ಅನುಕೂಲನಾಗಿದ್ದ ದಣ್ಣಾಯಕನು ಅದೇ ಸಮಯದಲ್ಲಿ ಕಲಬುರಗಿ ರಾಜ್ಯದ ಮೇಲಿನ ದಂಡಯಾತ್ರೆಗೆ ತೆರಳಿದ್ದನು. ಅವನ ಸ್ಥಾನದಲ್ಲಿದ್ದ ಅಧಿಕಾರಿಯು ರಾಯಭಾರಿಯ ದಿನವಹಿ ಪಡಿಯನ್ನು ನಿಲ್ಲಿಸಿದನು. ದಣ್ಣಾಯಕನು ಮರಳಿದ ಮೇಲೆ ಈ ಕ್ರಮವನ್ನು ಖಂಡಿಸಿ, 7,000 ವರಹಗಳನ್ನು ಕೊಡಿಸಿದನು. ಆದರೂ ಸಂದೇಹ ಸಂಪೂರ್ಣವಾಗಿ ಅಳಿಯಲಿಲ್ಲ. ಬೀಳ್ಕೊಡುವಾಗ ದೇವರಾಯನೇ ಈ ವದಂತಿಯನ್ನು ಪ್ರಸ್ತಾಪಿಸಿ, ಅದಿಲ್ಲದಿದ್ದರೆ ಹೆಚ್ಚಿನ ಗೌರವ ಸಲ್ಲುತ್ತಿತ್ತೆಂದು ತಿಳಿಸಿದನು. ಷಾ ರುಖ್‌ಗೆ ಬರೆಸಿದ ಪತ್ರದಲ್ಲಿಯೂ ಅದರ ಉಲ್ಲೇಖವಿತ್ತು.

ಹೊರ್ಮುಜಿನವರ ಈ ನಡೆಗೆ ರಜಾಕನು ಕೊಡುವ ಕಾರಣ ಅಸೂಯೆ. ಆದರೆ ಪ್ರಕರಣಕ್ಕೆ ಮತ್ತೊಂದು ಆಯಾಮವೂ ಇದೆ. ಬಹಮನಿಗಳೊಡನೆ ಸತತ ಸಂಘರ್ಷದಲ್ಲಿದ್ದ ವಿಜಯನಗರಕ್ಕೆ ಉತ್ತಮ ಕುದುರೆಗಳು ಅನಿವಾರ್ಯವಾಗಿದ್ದವು. ಅವು ಬರುತ್ತಿದ್ದುದು ಬಹುಮಟ್ಟಿಗೆ ಹೊರ್ಮುಜ್ ಹಾಗೂ ಅರಬ್ ಕರಾವಳಿಯ ಬಂದರುಗಳ ಮೂಲಕ. ಹೆರಾತ್ ಮತ್ತು ವಿಜಯನಗರಗಳ ನಡುವಿನ ಹಾದಿ ಈ ವರ್ತಕರ ಕೈಯಲ್ಲಿತ್ತು. ಎರಡು ಆಸ್ಥಾನಗಳು ನೇರವಾಗಿ ಬೆಸೆದುಕೊಂಡರೆ ಮಧ್ಯವರ್ತಿಗಳ ಪ್ರಾಮುಖ್ಯ ಕುಗ್ಗುವ ಸಂಭವವಿತ್ತು. ಈ ಊಹೆಯನ್ನು ಒಪ್ಪದಿದ್ದರೂ ಒಂದು ಮಾತು ಸ್ಪಷ್ಟ: ದೂತನ ಸಾಚಾತನವನ್ನು ಪರಿಶೀಲಿಸಲು ಅರಸನಿಗೆ ಹೆರಾತಿನ ಜನರನ್ನು ಬಲ್ಲವರ ಮಾತಲ್ಲದೆ ಸುಲಭವಾದ ಬೇರೆ ಸಾಧನವಿರಲಿಲ್ಲ. ಮುದ್ರೆಯೊತ್ತಿದ ಪತ್ರಕ್ಕಿಂತ ಪೇಟೆಯ ಮಾತು ಬಲವಾದದ್ದು ಹೀಗೆ.

ಈ ವೃತ್ತಾಂತದ ಮುಖ್ಯ ಆಧಾರ ರಜಾಕನದೇ ಆದ 'ಮತ್ಲಾ ಉಸ್ ಸದೈನ್' ಎಂಬ ಪರ್ಷಿಯನ್ ಇತಿಹಾಸಗ್ರಂಥ. ಅದರ ನಿರೂಪಣೆ 1470ರವರೆಗೆ ಸಾಗುವುದರಿಂದ, ಕೃತಿ ಪೂರ್ಣಗೊಂಡದ್ದು ಪ್ರಯಾಣದ ಕಾಲು ಶತಮಾನದ ತರುವಾಯ. ಮೇಲಾಗಿ ಲೇಖಕನ ಮಾನವೇ ಇಲ್ಲಿ ಪ್ರಶ್ನೆಗೊಳಗಾಗಿದೆ. ಹೊರ್ಮುಜಿನವರ ಪಕ್ಷ ನಮಗೆ ಕೇಳಿಬರುವುದಿಲ್ಲ. ಆದರೂ ತನಗಾದ ಅವಮಾನವನ್ನು ಅವನು ಮರೆಮಾಚದೆ ದಾಖಲಿಸಿರುವುದು ಘಟನೆಯ ವಾಸ್ತವತೆಗೆ ಪುಷ್ಟಿ ನೀಡುತ್ತದೆ.

ದೇವರಾಯನು ರಾಯಭಾರವನ್ನು ಕೈಬಿಡಲಿಲ್ಲವೆಂಬುದು ಅಷ್ಟೇ ಮಹತ್ವದ್ದು. ಖುರಾಸಾನ್ ಮೂಲದ ಖ್ವಾಜಾ ಮಸೂದ್ ಮತ್ತು ಖ್ವಾಜಾ ಮುಹಮ್ಮದ್ ಎಂಬುವರನ್ನು ತನ್ನ ದೂತರನ್ನಾಗಿ ನೇಮಿಸಿದನು. ಆ ನಾಡನ್ನು ಬಲ್ಲವರನ್ನೇ ಆರಿಸಿದ್ದು ಸಂದೇಹದ ಕಾಲದಲ್ಲಿ ಅರಸನು ತೋರಿದ ವಿವೇಕವೆನ್ನಬಹುದು. 1443ರ ಡಿಸೆಂಬರಿನಲ್ಲಿ ರಾಜಧಾನಿಯನ್ನು ಬಿಟ್ಟ ರಜಾಕನು ಹೊನ್ನಾವರದಲ್ಲಿ ಹಡಗನ್ನು ಗೊತ್ತುಮಾಡಿಕೊಂಡು, 1444ರ ಏಪ್ರಿಲಿನಲ್ಲಿ ಹೊರ್ಮುಜಿಗೆ ಮರಳಿದನು. 1446ರಲ್ಲಿ ದೇವರಾಯನೂ 1447ರಲ್ಲಿ ಷಾ ರುಖ್‌ನೂ ಕಾಲವಶರಾದರು. ತೈಮೂರಿ ರಾಜ್ಯದಲ್ಲಿ ಉತ್ತರಾಧಿಕಾರದ ಕಲಹಗಳು ತಲೆದೋರಿದವು. ಆಸ್ಥಾನಗಳ ನಡುವಿನ ನಂಟು ಸ್ಥಿರವಾದ ಮೈತ್ರಿಯಾಗಿ ಬೆಳೆಯಲಿಲ್ಲ. ಅದನ್ನು ಸಾಧ್ಯವಾಗಿಸಿದ ಮತ್ತು ಕದಡಿದ ಕುದುರೆ ವ್ಯಾಪಾರ ಮಾತ್ರ ಅರಸರ ಆಯುಷ್ಯವನ್ನು ಮೀರಿ ಮುಂದುವರಿಯಿತು. ವಿಜಯನಗರದ ವಿದೇಶಾಂಗ ನೀತಿಯನ್ನು ಅಭ್ಯಸಿಸುವವರು ರಾಜಪತ್ರಗಳೊಡನೆ ಬಂದರುಗಳ ಚರಿತ್ರೆಯನ್ನೂ ಓದಬೇಕಾದ ಅಗತ್ಯವನ್ನು ಈ ಪ್ರಕರಣ ಮನಗಾಣಿಸುತ್ತದೆ.