ಬೀದಿಗೆ ಬೀದಿ ಕೂಡಿದ ಊರು

ಊರಿನ ಚರಿತ್ರೆಯನ್ನು ನಾವು ಶಾಸನಗಳಲ್ಲಿ ಹುಡುಕುತ್ತೇವೆ, ಕೋಟೆಕೊತ್ತಲಗಳಲ್ಲಿ ಹುಡುಕುತ್ತೇವೆ. ಕಾಲಕೆಳಗಿನ ಬೀದಿಯೂ ಒಂದು ಶಾಸನವೇ ಎಂಬುದನ್ನು ಮರೆಯುತ್ತೇವೆ. ಮನೆಗಳು ಬೀಳುತ್ತವೆ, ಏಳುತ್ತವೆ. ಒಮ್ಮೆ ಬಿದ್ದ ದಾರಿ ಮಾತ್ರ ಸುಲಭವಾಗಿ ಅಳಿಯದು. ಇದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ.

1537ರಲ್ಲಿ ಕೆಂಪೇಗೌಡರು ಊರು ಕಟ್ಟಿಸಿದಾಗ, ಎತ್ತುಗಳು ನಾಲ್ಕು ದಿಕ್ಕಿಗೆ ಉತ್ತುಕೊಂಡು ಹೋದ ಸಾಲುಗಳೇ ಬೀದಿಗಳಾದವೆಂದು ಐತಿಹ್ಯ. ಕಥೆ ಹೇಗೇ ಇರಲಿ, ದೊಡ್ಡಪೇಟೆಯೂ ಚಿಕ್ಕಪೇಟೆಯೂ ಒಂದನ್ನೊಂದು ಹಾಯುವ ಚೌಕ ಇಂದಿಗೂ ಇದೆ. ದೊಡ್ಡಪೇಟೆಯ ಹೆಸರು ಅವೆನ್ಯೂ ರಸ್ತೆಯೆಂದಾಯಿತು, ಅಷ್ಟೆ. ಅರಳೇಪೇಟೆ, ಅಕ್ಕಿಪೇಟೆ, ತರಗುಪೇಟೆ ಎಂದು ವ್ಯಾಪಾರಕ್ಕೊಂದು ಪೇಟೆಯಿದ್ದರೂ ಓಣಿಗಳು ಒಂದರೊಳಗೊಂದು ಕೂಡಿಕೊಂಡಿದ್ದವು. ತಲೆಹೊರೆಯವನೂ ಊರೆಲ್ಲ ಸುತ್ತಿಬರಬಹುದಾಗಿತ್ತು.

1809ರಲ್ಲಿ ಪೂರ್ವಕ್ಕೆ ದಂಡು ಬಂದಿತು. ಪೇಟೆಗೂ ದಂಡಿಗೂ ಆಡಳಿತ ಬೇರೆ, ಬದುಕು ಬೇರೆ. ಎರಡೂ ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದದ್ದು 1949ರಲ್ಲಿ.

ಕಿಕ್ಕಿರಿದ ಓಣಿಗಳ ಕೇಡೂ ಸಣ್ಣದಲ್ಲ. 1898ರ ಪ್ಲೇಗು ಅದನ್ನು ತೋರಿಸಿಕೊಟ್ಟಿತು. ಆ ದಶಕದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಗಾಳಿಬೆಳಕಿಗೆ ಮೊದಲ ಮಾನ್ಯತೆ. ಆದರೂ ಅವುಗಳ ನಕ್ಷೆ ಬರೆದವರು ಕೂಡುವ ಗುಣವನ್ನು ಬಿಡಲಿಲ್ಲ. ಉದ್ದಕ್ಕೆ ಮೈನು, ಅಡ್ಡಕ್ಕೆ ಕ್ರಾಸು, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ. ಒಂದು ದಾರಿ ಕಟ್ಟಿದರೆ ಪಕ್ಕದ್ದು ತೆರೆದಿರುತ್ತಿತ್ತು.

ಈ ಗುಣ ತಪ್ಪುತ್ತ ಬಂದುದು ಊರು ಹಳ್ಳಿಗಳ ಹೊಲಗದ್ದೆಗಳ ಮೇಲೆ ಹರಡಿದಾಗ. 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು, ನಿಜ. ಆದರೆ ಅದರ ಬಡಾವಣೆಗಳ ಆಚೆಗೆ, ಸಿಕ್ಕ ಸರ್ವೆ ನಂಬರಿನಲ್ಲಿ ಸಿಕ್ಕಷ್ಟು ನಿವೇಶನ ಬಿಡಿಸಿದವರು ಅನೇಕರು. ಅವರ ರಸ್ತೆ ಅವರ ಎಲ್ಲೆಯಲ್ಲೇ ಮುಗಿಯುತ್ತದೆ, ಮುಂದೆ ಗೋಡೆ. ಈಚಿನ ವಸತಿ ಸಮುಚ್ಚಯಗಳಿಗಂತೂ ಕಾವಲಿನ ಗೇಟು ಬೇರೆ. ಇಷ್ಟೆಲ್ಲ ಮನೆಗಳ ಕಾರುಗಳನ್ನು ಹೊರಬೇಕಾದದ್ದು ಹಿಂದೆ ಹಳ್ಳಿಯ ಎತ್ತಿನಗಾಡಿ ಹೋಗುತ್ತಿದ್ದ ಅದೇ ಒಂದು ದಾರಿ.

ನನ್ನ ವಿದ್ಯಾರ್ಥಿಯೊಬ್ಬನಿಗೆ ಗೆಳೆಯನ ಮನೆ ತಾರಸಿಯಿಂದಲೇ ಕಾಣುತ್ತದೆ. ಹೋಗಬೇಕಾದರೆ ಎರಡು ಕಿಲೋಮೀಟರು ಸುತ್ತು. ಹುಡುಗನೇನೋ ಬೈಕಿನಲ್ಲಿ ಹೋದಾನು. ಅವನ ಅಜ್ಜಿ ಆ ಮನೆಯ ಅಜ್ಜಿಯ ಬಳಿ ಹೋಗಿ ಕೂರುವುದು ಹೇಗೆ? ನೆರೆಹೊರೆಯೆಂಬುದು ದೂರದ ಲೆಕ್ಕವಲ್ಲ, ದಾರಿಯ ಲೆಕ್ಕ.

ರಸ್ತೆಯನ್ನು ಅಗಲಮಾಡುವುದೇ, ಮೇಲ್ಸೇತುವೆ ಕಟ್ಟುವುದೇ ಪರಿಹಾರವೆಂದು ನಾವು ನಂಬಿದ್ದೇವೆ. ಹೊಸ ಬಡಾವಣೆಗೆ ಮಂಜೂರಾತಿ ಕೊಡುವ ಅಧಿಕಾರಿಗಳು ಪಕ್ಕದ ಬಡಾವಣೆಯ ನಕ್ಷೆಯನ್ನೂ ಮೇಜಿನ ಮೇಲೆ ಬಿಡಿಸಿಟ್ಟುಕೊಳ್ಳಲಿ. ಗೋಡೆ ಏಳುವ ಮೊದಲೇ ಕಾಲುದಾರಿಗಾದರೂ ಎಡೆ ಬಿಡಿಸಲಿ. ಮನೆಗಳು ಎದ್ದು, ಕ್ರಯಪತ್ರಗಳು ನೋಂದಣಿಯಾದ ಮೇಲೆ ಆ ಒಂದು ಮಾರು ಜಾಗವನ್ನು ಯಾರಿಂದ ಕೇಳೋಣ?