ನಾಗಮ್ಮ ಎಂಬ ಹೆಸರು

ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರುಗಳನ್ನು ಬರೆದು ಕಳುಹಿಸುವ ಕಾಲ. ತಾಯಿಯೊಬ್ಬರು ಮಗಳನ್ನು ಕರೆತಂದು, “ನಾಗಮ್ಮ ಅನ್ನೋದು ಅಜ್ಜಿ ಕಾಲದ ಹೆಸರ್ರೀ ಸರ, ಬ್ಯಾರೆ ಬರ್ಕೊಳ್ರಿ” ಎಂದರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

ಈ ಹೆಸರು ನಾಚಿಕೆಪಡುವಂಥದೆ? ‘ನಾಗ’ ಸಂಸ್ಕೃತದ ಮಾತು, ‘ಅಮ್ಮ’ ನಮ್ಮದು. ಹೆಣ್ಣಿನ ಹೆಸರಿಗೆ ತಾಯಿಯ ವಾಚಕವನ್ನು ಸೇರಿಸುವುದು ಕನ್ನಡದ ಹಳೆಯ ವಾಡಿಕೆ. ಹತ್ತನೆಯ ಶತಮಾನದ ಜಕ್ಕಿಯಬ್ಬೆ, ಅತ್ತಿಮಬ್ಬೆಯರ ಹೆಸರಿನಲ್ಲಿರುವ ‘ಅಬ್ಬೆ’ಗೂ ತಾಯಿಯೆಂದೇ ಅರ್ಥ.

ಬಸವಕಲ್ಯಾಣದಲ್ಲಿ ಈ ಹೆಸರಿಗೆ ಬೇರೊಂದು ತೂಕವುಂಟು. ಹನ್ನೆರಡನೆಯ ಶತಮಾನದ ಅಕ್ಕ ನಾಗಮ್ಮ ಬಸವಣ್ಣನವರ ಸಹೋದರಿ, ಚನ್ನಬಸವಣ್ಣನವರ ತಾಯಿ. ‘ಬಸವಣ್ಣಪ್ರಿಯ ಚನ್ನಸಂಗಯ್ಯ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದವರು. ಕಲ್ಯಾಣದಲ್ಲಿ ಕ್ಷೋಭೆಯೆದ್ದಾಗ ಮಗನೊಡನೆ ಉಳವಿಯ ಹಾದಿ ಹಿಡಿದರೆಂದು ಶರಣಪರಂಪರೆ ಹೇಳುತ್ತದೆ. ಅವರ ಹೆಸರಿನ ಗವಿ ಇಂದಿಗೂ ಊರಲ್ಲಿದೆ. ಪಂಡಿತರು ಅವರನ್ನು ನಾಗಲಾಂಬಿಕೆ ಎಂದು ಬರೆದರು. ಜನರ ಬಾಯಲ್ಲಿ ಉಳಿದದ್ದು ಮಾತ್ರ ನಾಗಮ್ಮನೇ.

ಹೆಸರುಗಳು ಹೀಗೆ ಬದುಕುವುದು ನಮ್ಮಲ್ಲಿ ಮಾತ್ರವಲ್ಲ. ಇಂದಿನ ಚೆಕ್ ದೇಶದ ಭಾಗವಾದ ಬೊಹೀಮಿಯದಲ್ಲಿ ಲುದ್ಮಿಲಾ ಎಂಬ ಡಚೆಸ್ ಇದ್ದಳು. ಸ್ಲಾವ್ ಭಾಷೆಯಲ್ಲಿ ‘ಲ್ಯುದ್’ ಎಂದರೆ ಜನ, ‘ಮಿಲ’ ಎಂದರೆ ಪ್ರಿಯೆ, ಜನಪ್ರಿಯೆ ಎಂದಾಯಿತು. ಮೊಮ್ಮಗ ವಾತ್ಸ್ಲಾವನನ್ನು ಧರ್ಮಮಾರ್ಗದಲ್ಲಿ ಬೆಳೆಸಿದ ಆಕೆ 921ರಲ್ಲಿ ಕೊಲೆಯಾದಳು. ಅಜ್ಜಿ, ಮೊಮ್ಮಗ ಇಬ್ಬರೂ ಸಂತರೆನಿಸಿದರು. ಸಾವಿರ ವರ್ಷ ಕಳೆದರೂ ಚೆಕ್, ರಷ್ಯನ್ ಮನೆಗಳಲ್ಲಿ ಆ ಹೆಸರು ಕೇಳಿಬರುತ್ತದೆ.

ಇನ್ನು ಹುಮನಾಬಾದಿಗೆ ಬರೋಣ. ಅಲ್ಲಿನ ಮಾಣಿಕನಗರದ ಮಾಣಿಕ ಪ್ರಭುಗಳು 1817ರಲ್ಲಿ ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿದರು. ತಾಯಿಯ ಹೆಸರು ಬಯಾದೇವಿ. ಕನ್ನಡ, ಮರಾಠಿ, ಉರ್ದು ಕೂಡಿ ಬಾಳುವ ಈ ಸೀಮೆಯಲ್ಲಿ ಒಂದು ಮನೆಯ ಗಂಗಮ್ಮ ನೆರೆಮನೆಯಲ್ಲಿ ಗಂಗಾಬಾಯಿ. ಆಚೆ ಮನೆಯ ಹೆಸರಿನ ತುದಿಗೆ ಬೇಗಂ. 1948ರವರೆಗೆ ನಿಜಾಮರ ಆಳ್ವಿಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ಪಡೆ. ರಾಜ್ಯಗಳು ಬದಲಾದರೂ ಹೆಂಗಸರನ್ನು ಗೌರವದಿಂದ ಕರೆಯುವ ಈ ರೂಢಿಗಳು ಅಳಿಯಲಿಲ್ಲ.

ಇಷ್ಟನ್ನೂ ಆ ತಾಯಿ ಮಗಳಿಗೆ ಹೇಳಿದೆ. ಹೆಸರು ಬದಲಿಸುವುದು ಅವರವರ ಇಷ್ಟ. ಆದರೆ ಬಿಡುವ ಮುನ್ನ, ಬಿಡುತ್ತಿರುವುದು ಏನೆಂಬುದನ್ನು ತಿಳಿದಿರಬೇಕು. ಹುಡುಗಿ ತಲೆಯೆತ್ತಿ, “ಅದೇ ಇರ್ಲಿರಿ ಸರ” ಎಂದಳು. ನಾನು ನಾಗಮ್ಮ ಎಂದೇ ಬರೆದುಕೊಂಡೆ.